ಕೀರ್ತನೆಯ ಪುಸ್ತಕವೂ ವಿಮರ್ಶಕನ ಕಿವಿಯೂ

ಛಂದಸ್ಸಿನ ಪಾಠ ಹೇಳುವ ಅಧ್ಯಾಪಕನಿಗೆ ಒಳ್ಳೆಯ ಪದ್ಯಗಳ ಕೊರತೆ ಎಂದೂ ಬೀಳುವುದಿಲ್ಲ. ಪಂಪನಿದ್ದಾನೆ, ಕುಮಾರವ್ಯಾಸನಿದ್ದಾನೆ, ಲಕ್ಷ್ಮೀಶನಿದ್ದಾನೆ. ಅವನಿಗೆ ಹುಡುಕಿದರೂ ಸಿಕ್ಕದಿರುವುದು ಹೇಳಿಮಾಡಿಸಿದಂಥ ಕೆಟ್ಟ ಉದಾಹರಣೆ. ಲಘು ಇರಬೇಕಾದಲ್ಲಿ ಗುರು ಬಂದರೆ ಎಂಥ ಅನರ್ಥವಾದೀತೆಂದು ತೋರಿಸಲು ನಾನು ಬಹಳ ವರ್ಷ ಒಂದೇ ಉದಾಹರಣೆಯನ್ನು ನೆಚ್ಚಿಕೊಂಡಿದ್ದೆ. ಕ್ರೈಸ್ತರ ಗೀತಗಳಲ್ಲಿ ಯೇಸುವನ್ನು ದೇವರ ಕುರಿಮರಿ ಎಂದು ಕರೆಯುವುದುಂಟು. ಪಶ್ಚಿಮದ ಧಾಟಿಯಲ್ಲಿ 'ಮ' ಎಂಬ ಅಕ್ಷರದ ಮೇಲೆ ಸ್ವರ ನೀಳವಾಗಿ ನಿಂತುಬಿಟ್ಟರೆ 'ಮರಿ' ಹೋಗಿ 'ಮಾರಿ'ಯಾಗುತ್ತದೆ. ದೇವರ ಕುರಿಮರಿ ಸಂತೆಯಲ್ಲಿ ಕುರಿ ಮಾರಿದ ಲೆಕ್ಕವಾಗುತ್ತದೆ, ಇಲ್ಲವೇ ಊರ ಮಾರಿಯೇ ಬಂದು ಎದುರಿಗೆ ನಿಲ್ಲುತ್ತಾಳೆ. ತರಗತಿ ನಗುತ್ತಿತ್ತು. ನಾನೂ ನಗುತ್ತಿದ್ದೆ. ಇಂಥದನ್ನು 'ಪಾದ್ರಿಗನ್ನಡ' ಎನ್ನುತ್ತಾರೆ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ.

ಒಂದು ವರ್ಷ ಎರಡನೆಯ ಸಾಲಿನಲ್ಲಿ ಕುಳಿತಿದ್ದ ಒಬ್ಬ ವಿದ್ಯಾರ್ಥಿನಿ ನಗಲಿಲ್ಲ. ಗಂಟೆಯಾದ ಮೇಲೆ ಬಾಗಿಲ ಬಳಿ ನಿಂತಿದ್ದಳು. "ಸರ, ಅದು ತಪ್ಪಂತ ನಮಗೂ ಗೊತ್ತದರಿ. ಒಮ್ಮೆ ನಮ್ಮ ಆಯಿ ಹಾಡೂದು ಕೇಳ್ರಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳ ಊರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಒಂದು ಭಾನುವಾರ ಮಧ್ಯಾಹ್ನ ಹೋದೆ.

ಆಯಿಗೆ ಎಂಬತ್ತು ದಾಟಿತ್ತು. ಅವರ ಪುಸ್ತಕಕ್ಕೆ ರಟ್ಟಿರಲಿಲ್ಲ, ಮುಖಪುಟವೂ ಇರಲಿಲ್ಲ. ಹೊಲಿಗೆ ಬಿಚ್ಚಿದಲ್ಲಿ ಮತ್ತೆ ಗೋಣಿದಾರದಿಂದ ಹೊಲಿದಿದ್ದರು. ಒಳಗೆ ಬರಿಯ ಸಾಹಿತ್ಯ, ಸ್ವರಲಿಪಿಯಿಲ್ಲ. ಕೆಲವು ಹಾಡುಗಳ ನೆತ್ತಿಯ ಮೇಲೆ ಯಾವುದೋ ಪರದೇಶದ ಧಾಟಿಯ ಹೆಸರು ಮತ್ತು ಸಾಲಿಗೆ ಇಷ್ಟಿಷ್ಟು ಅಕ್ಷರವೆಂಬ ಅಂಕಿಗಳು; ಇನ್ನು ಕೆಲವಕ್ಕೆ ನಮ್ಮ ರಾಗತಾಳಗಳ ಹೆಸರು. ಆಯಿಗೆ ಓದು ಬಾರದು. ಆದರೂ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಹಾಡುತ್ತಿದ್ದರು, ಮೊಮ್ಮಗಳು ಸಂಖ್ಯೆ ಹೇಳಿ ಪುಟ ತೆಗೆದುಕೊಡಬೇಕು. ಆ ಮನೆಯಲ್ಲಿ ಹಾಡುಗಳಿಗೆ ಹೆಸರಿಲ್ಲ, ಸಂಖ್ಯೆಗಳೇ ಹೆಸರು.

ನನ್ನ ಪ್ರಸಿದ್ಧ ಉದಾಹರಣೆಯ ಹಾಡು ಬಂತು. ಕಿವಿ ನಿಮಿರಿಸಿ ಕುಳಿತೆ. 'ಮರಿ' ಬಂದಾಗ ಆಯಿ 'ಮ'ವನ್ನು ಚಕ್ಕನೆ ದಾಟಿಬಿಟ್ಟರು. ಉಳಿದ ಕಾಲವನ್ನೆಲ್ಲ 'ರಿ'ಯ ಮೇಲೆ ತೂಗಿದರು. 'ಮರೀ' ಎಂದು ಕರೆದಂತಾಯಿತು. ಕನ್ನಡದಲ್ಲಿ ಕೊನೆಯ ಸ್ವರವನ್ನು ಎಷ್ಟು ಎಳೆದರೂ ಅರ್ಥಕ್ಕೆ ಕೇಡಿಲ್ಲ. ಮಗುವನ್ನೂ ದೇವರನ್ನೂ ನಾವು ಹಾಗೆಯೇ ಕರೆಯುತ್ತೇವೆ. ಧಾಟಿ ಮಾತ್ರ ತನ್ನ ಮೂಲದ ನಡೆಯನ್ನು ಬಿಟ್ಟುಕೊಟ್ಟಿತ್ತು. ನಾನು ಕೇಳಿದೆ: "ಅಲ್ಲಿ ಸ್ವರ 'ಮ'ದ ಮೇಲೆ ನಿಲ್ಲಬೇಕಲ್ಲವೆ?" ಆಯಿ ನನ್ನ ಮುಖ ನೋಡಿ, "ಅಲ್ಲಿ ಎಳೆದ್ರ ಮಾರಿ ಆಗ್ತದಲ್ರಿ ಮಾಸ್ತರ, ಅಷ್ಟೂ ತಿಳೀದೇನು?" ಎಂದರು. ನಾನು ನನ್ನದೆಂದು ತಿಳಿದಿದ್ದ ಹಾಸ್ಯ ಆ ಮನೆಯಲ್ಲಿ ನನಗಿಂತ ಹಳೆಯದಾಗಿತ್ತು.

ಅಂದಿನಿಂದ ಹಾಡುವ ಪುಸ್ತಕವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಇದು ನಮಗೊಬ್ಬರಿಗೇ ಬಂದ ಪ್ರಶ್ನೆಯೂ ಅಲ್ಲ. ಯಾವ ಇಂಗ್ಲಿಷ್ ಜನರ ಗೀತಪದ್ಧತಿಯನ್ನು ಮಿಶನರಿಗಳು ಇಲ್ಲಿಗೆ ತಂದರೋ ಆ ಜನಕ್ಕೇ ಅದು ಮೂರು ಶತಮಾನ ಕಾಡಿದೆ. ಸ್ವಲ್ಪ ಅತ್ತ ಹೋಗಿಬರುವುದು ಅಗತ್ಯ.

ದಾವೀದನ ಹೆಸರಿನಲ್ಲಿರುವ ೧೫೦ ಕೀರ್ತನೆಗಳನ್ನು ಇಂಗ್ಲಿಷ್ ಪದ್ಯವಾಗಿಸಿ ಜನರ ಬಾಯಿಗೆ ಕೊಟ್ಟವನು ಥಾಮಸ್ ಸ್ಟರ್ನ್‌ಹೋಲ್ಡ್. ಎಂಟನೆಯ ಹೆನ್ರಿಯ ಅರಮನೆಯಲ್ಲಿ ವಸ್ತ್ರಾಗಾರದ ಅಧಿಕಾರಿಯಾಗಿದ್ದವನು, ವೃತ್ತಿಯಿಂದ ಕವಿಯಲ್ಲ. ಅವನು ೧೫೪೯ರಲ್ಲಿ ತೀರಿಕೊಂಡ. ಕೆಲಸವನ್ನು ಜಾನ್ ಹಾಪ್ಕಿನ್ಸ್ ಮತ್ತಿತರರು ಮುಂದುವರಿಸಿದರು. ಮೇರಿ ರಾಣಿಯ ಕಾಲದಲ್ಲಿ ಜಿನೀವಾಕ್ಕೆ ಓಡಿಹೋದ ಪ್ರಾಟೆಸ್ಟಂಟರು ೧೫೫೬ರಲ್ಲಿ ಅಲ್ಲಿ ಧಾಟಿಗಳ ಸಮೇತ ಒಂದು ಪುಸ್ತಕ ಅಚ್ಚು ಮಾಡಿದರು. ಎಲಿಜಬೆತ್ ಪಟ್ಟಕ್ಕೆ ಬಂದ ಮೇಲೆ, ೧೫೬೨ರಲ್ಲಿ, ಲಂಡನ್ನಿನ ಮುದ್ರಕ ಜಾನ್ ಡೇ ಪೂರ್ಣ ಸಂಪುಟವನ್ನು ಹೊರತಂದ. ದೇವಾಲಯಕ್ಕೆ ಮಾತ್ರವಲ್ಲದೆ ಮನೆಯಲ್ಲಿ ಹಾಡಿಕೊಳ್ಳುವುದಕ್ಕೂ ಈ ಪುಸ್ತಕವೆಂದು ಮುಖಪುಟದಲ್ಲೇ ಸಾರಿದ್ದ. ಬೀದಿಯ ಪೋಲಿ ಪದಗಳ ಜಾಗದಲ್ಲಿ ಇವು ಬರಲಿ ಎಂಬುದು ಆಶಯ. ಡೇ ಭಕ್ತನಿರಬಹುದು, ಈ ಪುಸ್ತಕವನ್ನು ಅಚ್ಚು ಮಾಡುವ ಏಕಸ್ವಾಮ್ಯದ ಸನ್ನದು ಅವನ ಕೈಯಲ್ಲಿತ್ತೆಂಬುದನ್ನೂ ಮರೆಯಬಾರದು. ನೂರಾರು ಮುದ್ರಣಗಳಾದವು. ಕೆಲವು ಮುದ್ರಣಗಳಲ್ಲಿ ಸ್ವರಚಿಹ್ನೆಯ ಪಕ್ಕದಲ್ಲಿಯೇ ಅದರ ಹೆಸರಿನ ಮೊದಲಕ್ಷರವನ್ನು ಕೂಡಿಸಿದ್ದರು, ಸಂಗೀತ ಕಲಿಯದ ದರ್ಜಿಯೂ ಚಮ್ಮಾರನೂ ತಾನೇ ಓದಿ ಹಾಡಿಕೊಳ್ಳಲೆಂದು. ನಮ್ಮಲ್ಲಿ ಸರಿಗಮ ಬರೆದುಕೊಡುವಂತೆ.

ಜನ ಹಾಡಿದರು. ಪುಸ್ತಕ ಪೂರ್ಣವಾಗುವುದಕ್ಕೆ ಮೊದಲೇ, ೧೫೬೦ರಲ್ಲಿ, ಲಂಡನ್ನಿನ ಸಂತ ಪೌಲನ ಕಟ್ಟೆಯ ಬಳಿ ಪ್ರವಚನ ಮುಗಿದ ಮೇಲೆ ಕೆಲವೊಮ್ಮೆ ಆರು ಸಾವಿರ ಜನ, ಮುದುಕರು ಮಕ್ಕಳು ಹೆಂಗಸರು ಕೂಡಿ, ಒಟ್ಟಿಗೆ ಹಾಡುತ್ತಿದ್ದರೆಂದು ಬಿಷಪ್ ಜ್ಯೂಯೆಲ್ ಕಾಗದ ಬರೆದಿದ್ದಾರೆ.

ಪಂಡಿತರು ಮಾತ್ರ ನಕ್ಕರು. ಸ್ಟರ್ನ್‌ಹೋಲ್ಡ್ ಮತ್ತು ಹಾಪ್ಕಿನ್ಸರ ಹೆಸರು ಇಂಗ್ಲಿಷ್ ವಿಮರ್ಶೆಯಲ್ಲಿ ಕೆಟ್ಟ ಪದ್ಯಕ್ಕೆ ಪರ್ಯಾಯಪದವೇ ಆಗಿಹೋಯಿತು. ನಗುವುದಕ್ಕೆ ಕಾರಣವಿಲ್ಲದಿರಲಿಲ್ಲ. ಎಂಟು ಅಕ್ಷರ, ಆರು ಅಕ್ಷರ, ಮತ್ತೆ ಎಂಟು, ಮತ್ತೆ ಆರು ಎಂದು ಲಾವಣಿಯ ನಡೆಯಲ್ಲಿ ಒಂದೇ ಸಮನೆ ಸಾಗುವ ಪದ್ಯ. ಪ್ರಾಸಕ್ಕಾಗಿ ತಿರುಚಿದ ವಾಕ್ಯ. ಅಕ್ಷರ ತುಂಬಿಸಲು ತಂದಿಟ್ಟ ಬೀಡು ಮಾತು. ಇದರ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು. ಅದೇ ಶತಮಾನದಲ್ಲಿ ಸರ್ ಫಿಲಿಪ್ ಸಿಡ್ನಿಯೂ ಅವನ ತಂಗಿ ಮೇರಿ ಹರ್ಬರ್ಟಳೂ ಇದೇ ಕೀರ್ತನೆಗಳನ್ನು ಪದ್ಯಕ್ಕೆ ತಿರುಗಿಸಿದರು. ಬಂಧಗಳ ವೈವಿಧ್ಯದಲ್ಲಿ, ಮಾತಿನ ಬಿಗಿಯಲ್ಲಿ ಅದಕ್ಕೆ ಸಾಟಿಯಿಲ್ಲವೆಂದು ಬಲ್ಲವರು ಹೇಳುತ್ತಾರೆ. ಅದು ಪೂರ್ಣವಾಗಿ ಅಚ್ಚಾದದ್ದು ೧೮೨೩ರಲ್ಲಿ! ಅಲ್ಲಿಯವರೆಗೆ ಹಸ್ತಪ್ರತಿಗಳಲ್ಲಿ ಕೆಲವು ರಸಿಕರ ನಡುವೆ ತಿರುಗಾಡುತ್ತಿತ್ತು. ಒಳ್ಳೆಯ ಕಾವ್ಯ ಪೆಟ್ಟಿಗೆಯಲ್ಲಿತ್ತು, ಕೆಟ್ಟ ಪದ್ಯ ಬೀದಿಬೀದಿಯಲ್ಲಿ ಹಾಡುತ್ತಿತ್ತು.

ಹಾಗೆಂದು ಬೀದಿಯವರು ಹಾಡಿದ್ದು ಅಚ್ಚಾದದ್ದನ್ನೇ ಎಂದು ತಿಳಿಯಬಾರದು. ಓದು ಬಾರದವರಿಗಾಗಿ ಒಬ್ಬ ಸಾಲನ್ನು ಮೊದಲು ಹೇಳಿಕೊಡುವುದು, ಸಭೆ ಅದನ್ನು ಎತ್ತಿ ಹಾಡುವುದು ಎಂಬ ಪದ್ಧತಿ ಬಂತು. ೧೬೪೪ರಲ್ಲಿ ವೆಸ್ಟ್‌ಮಿನ್‌ಸ್ಟರ್ ಸಭೆಯವರು ರಚಿಸಿದ ಆರಾಧನೆಯ ಕಟ್ಟಳೆಯಲ್ಲಿ ಅದಕ್ಕೆ ಅನುಮತಿಯಿದೆ. ನಮ್ಮ ಭಜನೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೀಗೆ ಬಾಯಿಂದ ಬಾಯಿಗೆ ಹೋಗುತ್ತ ಧಾಟಿಗಳು ನಿಧಾನವಾದವು, ಬಳುಕಿದವು, ಊರಿಗೊಂದು ತೆರನಾದವು. ಅಮೆರಿಕಕ್ಕೆ ವಲಸೆ ಹೋದವರು ೧೬೪೦ರಲ್ಲಿ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ತಮ್ಮದೇ ಕೀರ್ತನೆ ಪುಸ್ತಕವನ್ನು ಅಚ್ಚು ಹಾಕಿದರು. ಉತ್ತರ ಅಮೆರಿಕದ ಬ್ರಿಟಿಷ್ ವಸಾಹತುಗಳಲ್ಲಿ ಅಚ್ಚಾದ ಮೊದಲ ಪುಸ್ತಕವೇ ಅದು. ಸೊಗಸಿಗಿಂತ ಮೂಲನಿಷ್ಠೆ ನಮಗೆ ಮುಖ್ಯವೆಂದು ಮುನ್ನುಡಿಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. (ಅದರ ಒಂದು ಪ್ರತಿ ೨೦೧೩ರ ಹರಾಜಿನಲ್ಲಿ ಒಂದು ಕೋಟಿ ನಲವತ್ತು ಲಕ್ಷ ಡಾಲರಿಗೂ ಮೀರಿ ಮಾರಾಟವಾಯಿತು, ಪದ್ಯ ಚೆನ್ನಾಗಿದೆಯೆಂದಲ್ಲ.) ೧೭೨೦ರ ಸುಮಾರಿಗೆ ಅಲ್ಲಿನ ವಿದ್ಯಾವಂತ ಪಾದ್ರಿಗಳು, ಜನ ಪುಸ್ತಕದಲ್ಲಿರುವಂತೆ ಹಾಡುತ್ತಿಲ್ಲ, ಒಬ್ಬೊಬ್ಬರೂ ಒಂದೊಂದು ತಿರುವು ಹಾಕುತ್ತಾರೆ ಎಂದು ಗೋಳಿಟ್ಟು ಸ್ವರ ಕಲಿಸುವ ಶಾಲೆಗಳನ್ನು ತೆರೆದರು. ಇದನ್ನು ಓದುವಾಗ ನನಗೆ ಕಮಲಾಪುರದ ಆಯಿ ನೆನಪಾದರು. ಪಾದ್ರಿಗಳು ದೂರಿದ ಮುದುಕಿಯರಲ್ಲಿಯೂ ಕೆಲವರಾದರೂ ಯಾವುದೋ 'ಮಾರಿ'ಯನ್ನು 'ಮರಿ' ಮಾಡುತ್ತಿದ್ದಿರಬಹುದು.

ಈಗ ಕನ್ನಡಕ್ಕೆ ಬರೋಣ. ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ ಇಡೀ ಬೈಬಲ್ ೧೮೩೧ರ ವೇಳೆಗೆ ಕನ್ನಡದಲ್ಲಿ ಅಚ್ಚಾಯಿತು. ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದು, ೧೮೪೧ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಹೂಡಿದರು. ೧೮೪೩ರ 'ಮಂಗಳೂರು ಸಮಾಚಾರ'ದ ಹರ್ಮನ್ ಮೋಗ್ಲಿಂಗ್ ಅದೇ ಮುದ್ರಣಾಲಯದಿಂದ ೧೮೫೦ರಲ್ಲಿ ದಾಸರ ಪದಗಳನ್ನು ಹೊರತಂದದ್ದನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಕೃತಜ್ಞತೆಯಿಂದ ನೆನೆಯುತ್ತವೆ. ಸಂತೋಷ. ಆದರೆ ಅದೇ ಮಿಶನ್ನಿನವರು ತಮ್ಮ ಸಭೆಗಳಿಗಾಗಿ ಬರೆದ ಗೀತಗಳೆಂದರೆ ಚರಿತ್ರಕಾರರು ಒಂದು ವಾಕ್ಯದಲ್ಲಿ ದಾಟುತ್ತಾರೆ. ಶ್ರೀನಿವಾಸ ಹಾವನೂರರ 'ಹೊಸಗನ್ನಡದ ಅರುಣೋದಯ' ೧೯೭೪ರಲ್ಲಿ ಬಂದು, ಮಿಶನರಿಗಳ ಕೆಲಸವನ್ನು ಇಷ್ಟು ವಿಸ್ತಾರವಾಗಿ ಎದುರಿಗಿಟ್ಟ ಮೇಲೂ ನಮ್ಮ ತರಗತಿಗಳಲ್ಲಿ ನಿಘಂಟು ಮತ್ತು ವೃತ್ತಪತ್ರಿಕೆ ಉಳಿದವು, ಹಾಡು ಉಳಿಯಲಿಲ್ಲ.

ಹೆಸರನ್ನೇ ನೋಡಿ. ಕನ್ನಡ ಬೈಬಲಿನಲ್ಲಿ ಈ ಭಾಗ 'ಕೀರ್ತನೆಗಳು'. ಪುರಂದರದಾಸರ ಮನೆಯ ಮಾತನ್ನು ದಾವೀದನಿಗೆ ಕೊಟ್ಟ ಅನುವಾದಕರು ಸಾಮಾನ್ಯರಲ್ಲ. ಆ ಹೆಸರಿನಲ್ಲಿ ಹಾಡುವ ಬಗೆಯ ಬಗ್ಗೆಯೂ ಒಂದು ಭರವಸೆ ಇದೆ. ಭರವಸೆ ನಡೆಯಿತೇ?

ಎಲ್ಲ ಕಡೆಯೂ ನಡೆಯಲಿಲ್ಲವೆಂದೇ ನನ್ನ ತೀರ್ಪು, ಆಯಿಯ ಹಾಡು ಕೇಳಿದ ಮೇಲೂ. ಇಂಗ್ಲಿಷ್ ಪದ್ಯ ನಡೆಯುವುದು ಅಕ್ಷರದ ಮೇಲಿನ ಒತ್ತಿನಿಂದ. ಕನ್ನಡ ಪದ್ಯ ನಡೆಯುವುದು ಅಕ್ಷರ ಹಿಡಿಯುವ ಕಾಲದಿಂದ. ಸ್ಟರ್ನ್‌ಹೋಲ್ಡನ ಎಂಟು ಆರು ಕೂಡಿದರೆ ಹದಿನಾಲ್ಕು. ನಮ್ಮ ಭಾಮಿನಿಯ ಮೊದಲ ಸಾಲಿಗೆ ಮೂರು ನಾಲ್ಕು ಮೂರು ನಾಲ್ಕು, ಅದೂ ಹದಿನಾಲ್ಕೇ. ಆದರೆ ಅಲ್ಲಿ ಎಣಿಸುವುದು ಅಕ್ಷರ, ಇಲ್ಲಿ ಎಣಿಸುವುದು ಮಾತ್ರೆ. ಅಂಕಿ ಒಂದೇ ಎಂದು ಸಾಮಾನು ಒಂದೇ ಆಗುವುದಿಲ್ಲ. 'ಮನ' ಎಳೆದರೆ 'ಮಾನ', 'ಕಡು' ಎಳೆದರೆ 'ಕಾಡು', 'ನಡು' ಎಳೆದರೆ 'ನಾಡು'. ಕಮಲಾಪುರದಲ್ಲಿ ನಿಂತು ಹೇಳುವುದಾದರೆ, 'ಬಳೆ' ಎಳೆದರೆ 'ಬಾಳೆ'. ಅಕ್ಷರವನ್ನು ಮಾತ್ರ ಎಣಿಸಿ ಕನ್ನಡವನ್ನು ಪಶ್ಚಿಮದ ಧಾಟಿಗೆ ಕಟ್ಟಿದ ಕಡೆಗಳಲ್ಲೆಲ್ಲ ಈ ಅಪಾಯ ಹೊಂಚುಹಾಕುತ್ತದೆ.

ಇನ್ನೊಂದು ದೋಷ ಇದಕ್ಕಿಂತ ಸೂಕ್ಷ್ಮವಾದದ್ದು. ಇಂಗ್ಲಿಷಿನಲ್ಲಿ ಅಂತ್ಯಪ್ರಾಸವೆಂದರೆ ದುಡಿದು ಸಂಪಾದಿಸಬೇಕಾದದ್ದು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೇ ಬರುವುದರಿಂದ ಬಂದನು, ನಿಂದನು, ತಂದನು ಎಂದು ಪ್ರಾಸ ತಾನಾಗಿಯೇ ಸಾಲುಗಟ್ಟುತ್ತದೆ. ಬಿಟ್ಟಿ ಸಿಕ್ಕಿದ ಪ್ರಾಸ ಕಿವಿಗೆ ರುಚಿಸುವುದಿಲ್ಲ. ನಮ್ಮವರು ಆದಿಪ್ರಾಸವನ್ನು ಹಿಡಿದದ್ದು ಸುಮ್ಮನಲ್ಲ. ಆ ಪುಸ್ತಕದ ಎಷ್ಟೋ ಹಾಡುಗಳು ಈ ಅಗ್ಗದ ಪ್ರಾಸದಲ್ಲಿ ಸೊರಗಿವೆ. 'ಸದಾ', 'ಆಹಾ', 'ನಿಜ' ಎಂಬ ಮಾತುಗಳು ಅಕ್ಷರಸಂಖ್ಯೆಗೆ ಊರುಗೋಲಾಗಿ ನಿಂತಿವೆ. ಇವುಗಳನ್ನು ಯಾವ ಕಂಠವೂ ರಿಪೇರಿ ಮಾಡಲಾರದು. ಆಯಿಯೂ ಮಾಡಲಿಲ್ಲ, ಅಂಥ ಚರಣಗಳನ್ನು ಅವರು ಹಾರಿಸಿಯೇ ಬಿಡುತ್ತಿದ್ದರೆಂದು ಆಮೇಲೆ ಗಮನಿಸಿದೆ.

ಮಿಶನರಿಗಳಲ್ಲಿ ಈ ತೊಡಕನ್ನು ಬಲ್ಲವರೇ ಇರಲಿಲ್ಲವೆಂದರೆ ಅನ್ಯಾಯವಾದೀತು. ಫರ್ಡಿನೆಂಡ್ ಕಿಟ್ಟೆಲ್ ೧೮೬೨ರಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ದೇಶದ ಪದ್ಯಬಂಧದಲ್ಲಿ ಹಾಡಿ 'ಕಥಾಮಾಲೆ' ಎಂದು ಕರೆದರು. ನಾಗವರ್ಮನ ಛಂದಸ್ಸನ್ನು ೧೮೭೫ರಲ್ಲಿ ಸಂಪಾದಿಸಿದವರು ಅವರೇ. ೧೮೯೪ರ ನಿಘಂಟಿನ ಭಾರದಲ್ಲಿ ಈ ಎರಡೂ ಮರೆಯಾಗಿವೆ. ನಿಘಂಟುಕಾರ ಕಿಟ್ಟೆಲರಿಗೆ ಪ್ರತಿಮೆ ನಿಲ್ಲಿಸಿದ ನಾವು ಹಾಡು ಕಟ್ಟಿದ ಕಿಟ್ಟೆಲರನ್ನು ಓದಿದ್ದೇವೆಯೇ? ನಾನಂತೂ ನಲವತ್ತು ದಾಟುವವರೆಗೆ ಓದಿರಲಿಲ್ಲ.

ಇಲ್ಲಿ ನನ್ನ ಮನಸ್ಸನ್ನು ಕುಟುಕುವ ಮಾತೊಂದಿದೆ. ನಮ್ಮ ಕಲಬುರಗಿ ಸೀಮೆ ತತ್ವಪದಗಳ ತವರು. ಕಡಕೋಳದ ಮಡಿವಾಳಪ್ಪನವರ ಪದಗಳನ್ನು, ಅವರ ಶಿಷ್ಯ ಚನ್ನೂರ ಜಲಾಲಸಾಹೇಬರ ಪದಗಳನ್ನು ಅಚ್ಚಾದ ಪುಸ್ತಕದಲ್ಲಿ ಓದಿದರೆ ಎಷ್ಟೋ ಕಡೆ ಮಾತ್ರೆ ತಪ್ಪುತ್ತದೆ, ಸಾಲು ಕುಂಟುತ್ತದೆ. ಆಗ ನಾವೇನು ಹೇಳುತ್ತೇವೆ? "ಇದು ಓದುವ ಪದ್ಯವಲ್ಲ, ಏಕತಾರಿ ಹಿಡಿದು ಹಾಡಿದರೆ ತಾನೇ ಸರಿಹೋಗುತ್ತದೆ" ಎನ್ನುತ್ತೇವೆ. ಸರಿಯಾದ ಮಾತೇ. ನಾನೇ ಇದನ್ನು ನೂರು ಸಲ ಹೇಳಿದ್ದೇನೆ. ಅದೇ ತರಗತಿಯಲ್ಲಿ, ಅದೇ ಬಾಯಲ್ಲಿ, ಕ್ರೈಸ್ತರ ಹಾಡು ಕುಂಟಿದರೆ 'ಪಾದ್ರಿಗನ್ನಡ' ಎಂದಿದ್ದೇನೆ. ಒಂದನ್ನು ಕಿವಿಯಿಂದ ಅಳೆದೆ, ಇನ್ನೊಂದನ್ನು ಕಣ್ಣಿನಿಂದ. ಎರಡು ತಕ್ಕಡಿ ಇಟ್ಟುಕೊಂಡ ಅಂಗಡಿಯವನನ್ನು ನಾವು ಯಾವ ಹೆಸರಿನಿಂದ ಕರೆಯುತ್ತೇವೆಂದು ಹೇಳಬೇಕಾಗಿಲ್ಲ.

ಇದಕ್ಕೆ ಉತ್ತರವಾಗಿ ಒಬ್ಬ ಮಿತ್ರರು, "ತತ್ವಪದ ಈ ಮಣ್ಣಿನಲ್ಲಿ ಹುಟ್ಟಿದ್ದು, ಅದು ಅನುವಾದ" ಎಂದರು. ಹಾಗಾದರೆ ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಏನು? ಅದರಲ್ಲಿ ಬೆಳಕನ್ನು ಕರೆಯುವ ಆ ಪ್ರಾರ್ಥನೆ ಜಾನ್ ಹೆನ್ರಿ ನ್ಯೂಮನ್ ೧೮೩೩ರಲ್ಲಿ ಹಡಗಿನ ಮೇಲೆ ಬರೆದ ಕ್ರೈಸ್ತಗೀತ. ಕನ್ನಡನಾಡಿನ ಎಷ್ಟು ಶಾಲೆಗಳಲ್ಲಿ ಅದನ್ನು ಹಾಡಿಲ್ಲ! ಹಾಡುವ ಮಕ್ಕಳಿಗೆ ಅದರ ಮೂಲ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಶ್ರೀಯವರು ಮಾತ್ರೆಯ ಗಣಗಳನ್ನು ಹೊಸ ರೀತಿಯಲ್ಲಿ ಜೋಡಿಸಿ ಇಂಗ್ಲಿಷ್ ಗೀತದ ನಡೆಗೆ ಕನ್ನಡದ ಕಾಲನ್ನು ಹೊಂದಿಸಿದರು, ಗೆದ್ದರು. ಅವರು ಮಿಶನ್ನಿನ ಗೀತಗಳಿಂದ ಕಲಿತರೆಂದು ನಾನು ಸಾಧಿಸಹೊರಟಿಲ್ಲ. ಅವರಿಗಿಂತ ಎರಡು ತಲೆಮಾರು ಮೊದಲೇ ಅದೇ ಗಂಟನ್ನು ಬಿಚ್ಚಲು ಕುಳಿತವರಿದ್ದರು, ಬೆರಳು ನೋಯಿಸಿಕೊಂಡರು, ಕೆಲವು ಸಲ ಬಿಚ್ಚಿದರು ಎಂಬಷ್ಟೇ ನನ್ನ ವಾದ. ಗೆದ್ದವರ ಚರಿತ್ರೆಯಲ್ಲಿ ಇವರಿಗೂ ಒಂದು ಅಧ್ಯಾಯ ಸಲ್ಲಬೇಕು.

ಆಯಿಯ ಪುಸ್ತಕದಲ್ಲಿ ನಿಜವಾಗಿ ಗೆದ್ದವು ಎರಡು ಬಗೆಯವು. ಒಂದು, ನಮ್ಮ ರಾಗತಾಳಗಳಲ್ಲಿ ಪಲ್ಲವಿ ಚರಣವಾಗಿ ಕಟ್ಟಿದವು. ಇವು ದಾಸರ ಪದಗಳ ಓಣಿಯಲ್ಲಿ ನಿರಾತಂಕವಾಗಿ ಓಡಾಡುತ್ತವೆ. ಎರಡನೆಯದು ನಾನು ನಿರೀಕ್ಷಿಸದೆ ಇದ್ದದ್ದು. ಮೊಮ್ಮಗಳು ಬೈಬಲಿನ ೨೩ನೆಯ ಕೀರ್ತನೆಯನ್ನು, ದೇವರನ್ನು ಕುರುಬನೆಂದು ಕರೆಯುವ ಆ ಕೀರ್ತನೆಯನ್ನು, ಗದ್ಯದಲ್ಲಿ ಇದ್ದ ಹಾಗೆಯೇ ಓದಿದಳು. ಆಯಿ ಅದನ್ನು ಒಂದು ಬಗೆಯ ಎಳೆದನಿಯಲ್ಲಿ ಹಿಂದೆಯೇ ಹೇಳಿದರು. ಹಾಡೂ ಅಲ್ಲ, ಓದೂ ಅಲ್ಲ. ಕುರಿ ಕಾಯುವವನ ಚಿತ್ರಕ್ಕೆ ಈ ಸೀಮೆಯಲ್ಲಿ ಅಡಿಟಿಪ್ಪಣಿ ಬೇಕಿಲ್ಲವೆಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ರಾಬರ್ಟ್ ಲೌತ್ ಎಂಬ ಇಂಗ್ಲಿಷ್ ವಿದ್ವಾಂಸ ೧೭೫೩ರಲ್ಲೇ ಹೇಳಿದ್ದ: ಹೀಬ್ರೂ ಕೀರ್ತನೆಗಳ ಕಾವ್ಯ ಪ್ರಾಸದಲ್ಲಿಲ್ಲ, ಒಂದು ಮಾತಿಗೆ ಎದುರಾಗಿ ಇನ್ನೊಂದು ಮಾತನ್ನು ಜೋಡಿಸಿ ನಿಲ್ಲಿಸುವುದರಲ್ಲಿದೆ. ಹೇಳಿದ್ದನ್ನೇ ಬೇರೆ ಮಾತಿನಲ್ಲಿ ಹೇಳುವುದು, ಅಥವಾ ಅದರ ವಿರುದ್ಧವನ್ನು ಹೇಳುವುದು. ಇದು ನಮ್ಮ ವಚನದ ನಡೆಯಲ್ಲವೇ? ಪ್ರಾಸದ ಹಂಗಿಲ್ಲದೆ, ಮಾತಿಗೆ ಮಾತು ತೂಗಿ, ಓದಿದರೆ ಗದ್ಯ, ಹಾಡಿದರೆ ಹಾಡು. ಕಮಲಾಪುರದಿಂದ ಅದೇ ರಸ್ತೆ ಹಿಡಿದು ಹುಮನಾಬಾದ್ ದಾಟಿದರೆ ಬಸವಕಲ್ಯಾಣ. ದಾವೀದನ ಕೀರ್ತನೆಗೆ ಕನ್ನಡದಲ್ಲಿ ಎಂಟು ಆರರ ಲಾವಣಿಗಿಂತಲೂ ಷಟ್ಪದಿಗಿಂತಲೂ ವಚನದ ದಾರಿಯೇ ಹತ್ತಿರದ್ದೆಂದು ನನಗೆ ಅಂದು ತೋರಿತು. ಇಂದಿಗೂ ಆ ಅಭಿಪ್ರಾಯ ಬದಲಾಗಿಲ್ಲ. ಅನುವಾದಕ್ಕೆ ಕುಳಿತ ತರುಣರು ಯಾರಾದರೂ ಇದ್ದರೆ ಪರೀಕ್ಷಿಸಿ ನೋಡಲಿ.

ಸಂಜೆಯಾಗುತ್ತ ಬಂದಿತ್ತು. ಪುಸ್ತಕದ ಕೊನೆಯ ಎಂಟು ಹತ್ತು ಪುಟ ಹರಿದುಹೋಗಿದ್ದವು. ಅಲ್ಲಿ ಯಾವ ಹಾಡುಗಳಿದ್ದವೆಂದು ಕೇಳಿದೆ. ಆಯಿ ಮೊಮ್ಮಗಳ ಕಡೆಗೂ ನೋಡದೆ ಒಂದು ಸಂಖ್ಯೆ ಹೇಳಿ ಹಾಡತೊಡಗಿದರು. ನಾನು ಛಂದಸ್ಸಿನ ಟಿಪ್ಪಣಿಯ ವಹಿಯನ್ನು ತಿರುವಿಹಾಕಿ ಹಿಂದಿನ ಪುಟದಿಂದ ಬರೆದುಕೊಳ್ಳತೊಡಗಿದೆ. ಮೂರನೆಯ ಹಾಡಿನ ಎರಡನೆಯ ಚರಣದ ಹೊತ್ತಿಗೆ ಹುಮನಾಬಾದ್ ಕಡೆಯಿಂದ ಕಲಬುರಗಿಯ ಬಸ್ಸು ಬಂತು.